‘ಬರಕೊಂಡಿದ್ದನ್ನ ಓದಿ ಹೇಳಪ್ಪ’

(ಕನ್ನಡ ಯುವಜನರ ಅಧ್ಯಯನ ಶಿಬಿರವೊಂದರಲ್ಲಿ ‘ನಮ್ಮ ಜನರನ್ನು ನಾವೇ ಅಧ್ಯಯನ ಮಾಡುವುದು’ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದವರು ಒಂದು ಷರತ್ತು ಹಾಕಿದ್ದಾರೆ. ‘ಮಾನವಶಾಸ್ತ್ರದ ಬಗ್ಗೆ ಮಾತಾಡಿ, ಆದರೆ ಹುಡುಗರು ಎದ್ದು ಹೋಗದ ಹಾಗೆ ಮಾತಾಡಿ’ ಅಂದಿದ್ದಾರೆ. ಕಷ್ಟದ ಷರತ್ತು. ಹಾಗಾಗಿ ಶಾಸ್ತ್ರವನ್ನು ಆಮೇಲೆ ನೋಡೋಣ. ಮೊದಲು ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ. ಅದನ್ನು ಕೇಳಿದ ಮೇಲೂ ಎದ್ದು ಹೋಗಬೇಕು ಅನ್ನಿಸಿದರೆ ಬಾಗಿಲು ತೆರೆದೇ ಇದೆ.

1996ರ ಬೇಸಿಗೆ. ಎಂ.ಎ. ಮುಗಿಸಿ ಕುಡಿಯುವ ನೀರಿನ ಯೋಜನೆಯೊಂದರ ಸಮೀಕ್ಷೆಗೆ ಸೇರಿಕೊಂಡಿದ್ದೆ. ಯಾವ ಯೋಜನೆ, ಯಾವ ಕಚೇರಿ ಅನ್ನುವುದು ಬೇಡ. ತಪ್ಪು ನನ್ನದು, ಅದರ ಹೆಸರು ಯಾಕೆ? ತುಮಕೂರು ಕಡೆಯ ಒಂದಷ್ಟು ಹಳ್ಳಿಗಳ ಪಟ್ಟಿ ಕೊಟ್ಟರು. ಅದರಲ್ಲಿ ನನ್ನ ತಾಯಿಯ ತವರೂರೂ ಇತ್ತು. ಕುಣಿದಾಡಿಬಿಟ್ಟೆ! ಬಾಲ್ಯದ ಬೇಸಿಗೆ ರಜೆಗಳನ್ನೆಲ್ಲ ಕಳೆದ ಊರು. ಯಾವ ಮರದಲ್ಲಿ ಯಾವ ಮಾವು ಅನ್ನುವುದು ಗೊತ್ತು. ಯಾರ ಮನೆ ನಾಯಿ ಕಚ್ಚುತ್ತದೆ ಅನ್ನುವುದೂ ಗೊತ್ತು. ಬೇರೆ ಊರುಗಳಿಗೆ ವಾರ ಬೇಕು, ಇದನ್ನು ನಾಲ್ಕು ದಿನದಲ್ಲಿ ಮುಗಿಸುತ್ತೇನೆ ಅಂದುಕೊಂಡೆ. ಮುಗಿಸಿಯೂ ಬಿಟ್ಟೆ. ಸೋದರಮಾವನ ಮನೆಯಲ್ಲಿ ಊಟ, ಅವರ ಜಗಲಿಯ ಮೇಲೆ ಫೈಲು, ಬಂದವರಿಗೆಲ್ಲ ಪ್ರಶ್ನೆ. ಎಲ್ಲರೂ ಹೇಳಿದ್ದು ಒಂದೇ: ‘ನೀರಿಗೇನು ತೊಂದ್ರೆ ಇಲ್ಲ.’

ಕೊನೆಯ ದಿನ ಕೇರಿಗೆ ಹೋದೆ. ಗಮನಿಸಿ, ಕೊನೆಯ ದಿನ. ಒಬ್ಬ ಹೆಂಗಸು ಬಾಗಿಲಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ‘ಯಾರ ಮನೆ ಹುಡುಗ ನೀನು?’ ಅಂದಳು. ‘ಪಟೇಲರ ಮನೆ ಮಗಳ ಮಗ’ ಅಂದೆ. ‘ಹಂಗಾ’ ಅಂದಳು. ಆ ‘ಹಂಗಾ’ ಅನ್ನುವ ಮಾತಿನಲ್ಲಿ ಒಂದು ಬಾಗಿಲು ಮುಚ್ಚಿಕೊಂಡಿತು. ನನಗೆ ಆ ಸದ್ದು ಕೇಳಲಿಲ್ಲ.

ನೀರು ಸಿಗ್ತದಾ? ಸಿಗ್ತದೆ. ನಲ್ಲಿ ಎಷ್ಟು ದೂರ? ಇಲ್ಲೇ. ಸಮಾಧಾನ ಇದೆಯಾ? ಇದೆ. ಟಿಕ್, ಟಿಕ್, ಟಿಕ್. ಫೈಲು ಮುಚ್ಚಿ ಏಳುವ ಹೊತ್ತಿಗೆ ಆಕೆ ಅಂದಳು: ‘ಬರಕೊಂಡಿದ್ದನ್ನ ಓದಿ ಹೇಳಪ್ಪ.’

ಫಾರಂ ಇದ್ದದ್ದು ಇಂಗ್ಲಿಷಿನಲ್ಲಿ! ಕನ್ನಡದ ಊರು, ಕನ್ನಡದ ಹೆಂಗಸು, ಕನ್ನಡದ ಹುಡುಗ, ನಡುವೆ ಇಂಗ್ಲಿಷ್ ಕಾಗದ. ತಡವರಿಸುತ್ತಾ ಪುಸ್ತಕದ ಕನ್ನಡಕ್ಕೆ ತಿರುಗಿಸಿದೆ. ‘ನೀರಿನ ಲಭ್ಯತೆ, ಹೌದು. ಅಂತರ, ನೂರು ಮೀಟರಿನ ಒಳಗೆ. ತೃಪ್ತಿ, ಹೌದು.’

‘ಲಭ್ಯತೆ ಅಂದ್ರೆ?’

‘ನೀರು ಸಿಗ್ತದೆ ಅಂತ.’

ಆಕೆ ನಕ್ಕಳು. ‘ಸಿಗ್ತದೆ ಅಂದೆ, ಸರಿ. ಯಾವಾಗ ಅಂತ ನೀನು ಕೇಳಲಿಲ್ಲ. ಯಾರು ಹಿಡಕೊಂಡು ಆದಮೇಲೆ ಅಂತಲೂ ಕೇಳಲಿಲ್ಲ.’

ಆಮೇಲೆ ಒಂದೊಂದೇ ಹೊರಗೆ ಬಂತು. ತೊಂಬೆ ಕಟ್ಟಿದ್ದು ಮೇಲಿನ ಬೀದಿಯ ಬಾಯಲ್ಲಿ. ನಲ್ಲಿ ನಾಲ್ಕು. ಮೇಲಿನ ಬೀದಿಯವರು ತುಂಬಿಕೊಳ್ಳುವ ತನಕ ಕೇರಿಯ ಹೆಂಗಸರು ಬಿಂದಿಗೆ ಇಟ್ಟುಕೊಂಡು ದೂರ ನಿಲ್ಲಬೇಕು. ಅಷ್ಟರಲ್ಲಿ ಕರೆಂಟು ಹೋದರೆ ಅವತ್ತಿಗೆ ಮುಗಿಯಿತು, ತೋಟದ ಬಾವಿಯೇ ಗತಿ. ‘ಇದನ್ನ ನಿಮ್ಮ ಮಾವನ ಜಗಲಿ ಮೇಲೆ ಬಂದು ಹೇಳಬೇಕಿತ್ತಾ ನಾನು?’ ಅಂದಳು.

ಫಾರಮ್ಮಿನಲ್ಲಿ ‘ಯಾರಾದ ಮೇಲೆ’ ಅನ್ನುವ ಕಾಲಮ್ಮೇ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ. ವರದಿ ಅಚ್ಚಾದಾಗ ಆ ಪೆನ್ಸಿಲ್ ಬರಹ ಅದರಲ್ಲಿ ಇರಲಿಲ್ಲ. ನಾನು ಜಗಳ ಮಾಡಲಿಲ್ಲ. ಕೆಲಸ ಹೊಸದು, ಸಂಬಳ ಬೇಕಿತ್ತು. ಇದು ನನ್ನ ತಪ್ಪಿನ ಕಥೆ.

ಹುಟ್ಟಿದ ಮಾತ್ರಕ್ಕೆ ಗೊತ್ತಿರುತ್ತದೆಯೇ?

‘ನಮ್ಮ ಜನ, ನಮ್ಮ ನೆಲ, ನಮ್ಮ ಭಾಷೆ. ಹೊರಗಿನವರು ಬಂದು ನಮ್ಮ ಬಗ್ಗೆ ಹೇಳುವುದೇನು?’ ಅನ್ನುವ ಮಾತನ್ನು ನಾವೆಲ್ಲ ಆಡುತ್ತೇವೆ. ನಾನೂ ಆಡಿದ್ದೇನೆ. ಆ ಮಾತಿನಲ್ಲಿ ನ್ಯಾಯ ಇದೆ. ಆದರೆ ಅದರೊಳಗೆ ಒಂದು ಸೋಮಾರಿತನವೂ ಅಡಗಿದೆ. ಹುಟ್ಟಿದ ಮಾತ್ರಕ್ಕೆ ಗೊತ್ತು ಅನ್ನುವ ಸೋಮಾರಿತನ.

ಈ ಪ್ರಶ್ನೆಯನ್ನು ಜೀವನವಿಡೀ ತಲೆಗೆ ಹಚ್ಚಿಕೊಂಡವರು ನಮ್ಮವರೇ ಒಬ್ಬರು, ಮೈಸೂರಿನ ಎಂ.ಎನ್. ಶ್ರೀನಿವಾಸ್. 1916ರಲ್ಲಿ ಹುಟ್ಟಿ 1999ರಲ್ಲಿ ತೀರಿಕೊಂಡರು. ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’, ‘ವೋಟ್ ಬ್ಯಾಂಕ್’. ಇವತ್ತು ಟೀವಿಯಲ್ಲಿ ಕೂತವರೆಲ್ಲ ಬಾಯಿ ತುಂಬಾ ಆಡುವ ಈ ಮಾತುಗಳು ಅವರ ಬರಹದಿಂದ ಹರಡಿದವು. ಮೈಸೂರು ಸೀಮೆಯ ಹಳ್ಳಿ, ಕೊಡಗಿನ ಐನ್‌ಮನೆ, ಇಂಥ ಕಡೆ ಕಂಡದ್ದರಿಂದ ಹುಟ್ಟಿದ ಮಾತುಗಳು. ಹುಟ್ಟಿದ್ದು ನಮ್ಮ ನೆಲದಲ್ಲಿ, ನಾಮಕರಣ ಆದದ್ದು ಇಂಗ್ಲಿಷಿನಲ್ಲಿ. ಅದು ಇರಲಿ, ಆ ಜಗಳಕ್ಕೆ ಆಮೇಲೆ ಬರುತ್ತೇನೆ.

ಶ್ರೀನಿವಾಸ್ ಬೆಳೆದದ್ದು ಮೈಸೂರಿನ ಕಾಲೇಜು ರಸ್ತೆಯಲ್ಲಿ. ಮನೆಯ ಹಿಂದೆಯೇ ಬಂಡಿಕೇರಿ. ಅಲ್ಲಿ ಹಳ್ಳಿಯಿಂದ ಬಂದು ನೆಲೆಸಿದ ಕುರುಬರು, ಅವರ ಕುರಿ. ಮುಂದೆ ದೊಡ್ಡ ವಿದ್ವಾಂಸರಾದ ಮೇಲೆ ಅವರು ನೆನಪಿಸಿಕೊಂಡು ಬರೆದರು: ತಾನು ಕಂಡ ಮೊದಲ ಬೇರೆ ಲೋಕ ಆ ಹಿತ್ತಲಿನ ಬೀದಿಯೇ ಆಗಿತ್ತು ಅಂತ. ಯೋಚನೆ ಮಾಡಿ. ಬೇರೆ ಲೋಕ ನೋಡಲು ಆಫ್ರಿಕಕ್ಕೆ ಹೋಗಬೇಕಾಗಿರಲಿಲ್ಲ. ಹಿತ್ತಿಲ ಬಾಗಿಲು ತೆಗೆದರೆ ಸಾಕಿತ್ತು.

ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಶ್ರೀನಿವಾಸ್ 1948ರಲ್ಲಿ ತಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಯಲ್ಲಿ ಹೋಗಿ ನೆಲೆಸಿದರು. ಬರಹದಲ್ಲಿ ಅದಕ್ಕೆ ‘ರಾಮಪುರ’ ಅಂತ ಹೆಸರಿಟ್ಟರು. ಅಲ್ಲಿ ಏನಾಯಿತು ಗೊತ್ತೇ? ಇವರು ಊರನ್ನು ನೋಡಲು ಹೋದರೆ, ಊರು ಇವರನ್ನು ಕೂರಿಸಿ ಬ್ರಾಹ್ಮಣ ಅಂತ ನೋಡಿತು. ಕ್ಷೌರ ಮಾಡಿಕೊಂಡು ಆಮೇಲೆ ಸ್ನಾನ ಮಾಡಬೇಕು, ಸ್ನಾನ ಆದಮೇಲೆ ಕ್ಷೌರ ಮಾಡಿಕೊಳ್ಳುತ್ತೀರಲ್ಲ ಅಂತ ಹಳ್ಳಿಯವರೇ ಇವರಿಗೆ ಬುದ್ಧಿ ಹೇಳಿದರು! ಊರಿನ ಹಿರಿಯ ಯಜಮಾನರ ನೆರಳಿನಲ್ಲಿ ಇವರ ವಾಸ. ಹಾಗಾಗಿ ಮೇಲಿನ ಜಾತಿಗಳ ಊರು ಕಂಡಷ್ಟು ಚೆನ್ನಾಗಿ ಹರಿಜನರ, ಮುಸ್ಲಿಮರ ಊರು ಕಾಣಲಿಲ್ಲ. ಇದನ್ನು ಅವರು ಮುಚ್ಚಿಡಲಿಲ್ಲ. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕದಲ್ಲಿ ಒಪ್ಪಿಕೊಂಡರು.

ಆ ಪುಸ್ತಕದ ಹಿಂದೆಯೂ ಒಂದು ಕಥೆ ಇದೆ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಆ ಹಳ್ಳಿಯನ್ನು ಬರೆದರು. ನೆನಪಿನಿಂದ ಒಂದು ಇಡೀ ಹಳ್ಳಿಯನ್ನು ಎತ್ತಿ ನಿಲ್ಲಿಸುವಷ್ಟು ಗಟ್ಟಿಗ. ಅಂಥವರ ಕಣ್ಣಿಗೂ ಯಜಮಾನರ ಜಗಲಿ ಅಡ್ಡ ಬಂತು. ನನ್ನಂಥವನು ಯಾವ ಲೆಕ್ಕ? ನೀವು?

ತಿಳಿಯದವನ ಕಿವಿ

ಈಗ ಶಾಸ್ತ್ರದ ಮಾತು. ಮಾನವಶಾಸ್ತ್ರ ಅಂದರೆ ಜನರ ನಡುವೆ ಇದ್ದು, ಅವರ ಬದುಕನ್ನು ಅವರ ಕಡೆಯಿಂದ ಅರ್ಥ ಮಾಡಿಕೊಳ್ಳುವ ಕಲೆ. ‘ಅನ್ವಯಿಕ’ ಅಂದರೆ ಆ ಅರಿವನ್ನು ಯಾವುದಾದರೂ ಕೆಲಸಕ್ಕೆ ಹಚ್ಚುವುದು. ಆಸ್ಪತ್ರೆ, ನೀರು, ಶಾಲೆ, ಅಣೆಕಟ್ಟು, ಕಾಡು, ಕಾನೂನು. ಈ ಕೆಲಸ ಯಾರ ಪರವಾಗಿ ಅನ್ನುವುದೇ ಮುಖ್ಯ ಪ್ರಶ್ನೆ. ಜನರ ಆಚಾರ ವಿಚಾರವನ್ನು ಬರೆದಿಟ್ಟುಕೊಂಡ ಇದೇ ಬಗೆಯ ವಿದ್ಯೆಯ ಬೆನ್ನ ಮೇಲೆ ಕೂತು ಬ್ರಿಟಿಷರು 1871ರಲ್ಲಿ ಒಂದು ಕಾನೂನು ತಂದರು. ಇಡೀ ಇಡೀ ಸಮುದಾಯಗಳಿಗೆ ‘ಅಪರಾಧಿ ಬುಡಕಟ್ಟು’ ಅಂತ ಹಣೆಪಟ್ಟಿ ಹಚ್ಚಿದರು. ಹುಟ್ಟಿದ ಮಗುವೂ ಕಳ್ಳ! ಆ ಕಾನೂನು ಹೋಗಲು 1952ರ ತನಕ ಕಾಯಬೇಕಾಯಿತು. ಹಣೆಪಟ್ಟಿ ಮಾತ್ರ ಪೊಲೀಸ್ ಠಾಣೆಗಳ ಮನಸ್ಸಿನಿಂದ ಇನ್ನೂ ಪೂರ್ತಿ ಹೋಗಿಲ್ಲ.

ಇನ್ನೊಂದು ಉದಾಹರಣೆ ಮಂಡ್ಯದ್ದು. 1954ರಿಂದ 1956ರ ತನಕ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವ ಹೆಂಗಸು ಅಲ್ಲಿಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಒಂದಕ್ಕೆ ಕಾಲುವೆ ನೀರು ಬಂದಿತ್ತು. ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಾಗೇ ಇರುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಆದದ್ದು ಉಲ್ಟಾ! ನೀರು ಬಂದ ಊರಿಗೆ ಕಬ್ಬು ಬಂತು, ದುಡ್ಡು ಬಂತು, ಆದರೆ ಯಜಮಾನ–ಆಳು ಅನ್ನುವ ಹಳೆಯ ಕಟ್ಟುಪಾಡು ಹಾಗೇ ಉಳಿಯಿತು. ಒಣ ಊರಿನವರು ಮಂಡ್ಯ ಪೇಟೆಯ ಕಡೆ ಹೊರಟರು, ಕೂಲಿ, ವ್ಯಾಪಾರ, ನೌಕರಿ ಹಿಡಿದರು. ಹಳೆಯ ಕಟ್ಟು ಸಡಿಲಾದದ್ದು ಅಲ್ಲಿ. ವಿಧಾನಸೌಧದಲ್ಲಿ ಕೂತು ನಕ್ಷೆ ನೋಡಿದರೆ ಇದು ಕಾಣುವುದಿಲ್ಲ. ಮಂಡ್ಯದಲ್ಲೇ ಹುಟ್ಟಿದವರಿಗೂ ತಾನಾಗಿ ಕಾಣುವುದಿಲ್ಲ. ಹೋಗಿ ಕೂತು ಲೆಕ್ಕ ಹಾಕಿದವರಿಗೆ ಕಂಡಿತು.

ದಕ್ಷಿಣ ಕನ್ನಡದ್ದು ಇನ್ನೂ ಹತ್ತಿರದ ಮಾತು. 1970ರ ದಶಕದಲ್ಲಿ ಮಾರ್ಕ್ ನಿಕ್ಟರ್ ಅನ್ನುವ ಅಮೆರಿಕದವರು ಅಲ್ಲಿಯ ಹಳ್ಳಿಗಳಲ್ಲಿ ಕಾಯಿಲೆ, ಮದ್ದು, ಬಸಿರು, ಬಾಣಂತನದ ಬಗ್ಗೆ ಕೆಲಸ ಮಾಡಿದರು. ಬಸುರಿಯರು ಕೊನೆಯ ತಿಂಗಳುಗಳಲ್ಲಿ ಊಟ ಕಡಿಮೆ ಮಾಡುತ್ತಿದ್ದರು. ಇದು ನಮ್ಮ ಮನೆಗಳಲ್ಲೂ ಕಂಡದ್ದೇ. ನಮ್ಮ ಡಾಕ್ಟರು ಇದಕ್ಕೆ ಇಡುವ ಹೆಸರು ‘ಅಜ್ಞಾನ’. ಮುಗಿಯಿತು, ಮುಂದಿನ ರೋಗಿ ಬರಲಿ. ನಿಕ್ಟರ್ ಕೂತು ‘ಯಾಕಮ್ಮಾ?’ ಅಂತ ಕೇಳಿದರು. ಅವರಿಗೆ ಸಿಕ್ಕ ಉತ್ತರದಲ್ಲಿ ಲೆಕ್ಕಾಚಾರ ಇತ್ತು. ಹೊಟ್ಟೆಯಲ್ಲಿ ಇರುವ ಜಾಗ ಇಷ್ಟೇ. ಅನ್ನ ಜಾಸ್ತಿಯಾದರೆ ಕೂಸಿಗೆ ಜಾಗ ಸಾಲದು. ಕೂಸು ತೀರಾ ದಪ್ಪವಾದರೆ ಹೆರಿಗೆ ಕಷ್ಟ, ತಾಯಿಯ ಜೀವಕ್ಕೇ ಸಂಚಕಾರ. ಆಸ್ಪತ್ರೆ ದೂರ ಇರುವ ಊರಿನ ಹೆಣ್ಣಿಗೆ ಇದು ಮೂಢನಂಬಿಕೆಯೋ, ಜೀವ ಉಳಿಸಿಕೊಳ್ಳುವ ಯೋಚನೆಯೋ? ಈ ಭಯ ಗೊತ್ತಿಲ್ಲದೆ ನೀವು ಗೋಡೆಯ ಮೇಲೆ ‘ಪೌಷ್ಟಿಕ ಆಹಾರ ಸೇವಿಸಿ’ ಅಂತ ಎಷ್ಟು ಬರೆದರೂ ಏನು ಬಂತು?

ಇಲ್ಲಿ ನನ್ನನ್ನು ತಪ್ಪು ತಿಳಿಯಬೇಡಿ. ಹೊರಗಿನವರೇ ಮೇಲು ಅಂತ ಹೇಳುತ್ತಿಲ್ಲ. ಹೊರಗಿನವನಿಗೆ ಒಂದು ಅನುಕೂಲ ಇದೆ: ತನಗೆ ಗೊತ್ತಿಲ್ಲ ಅನ್ನುವುದು ಅವನಿಗೆ ಗೊತ್ತು. ಹಾಗಾಗಿ ಕೇಳುತ್ತಾನೆ. ನಮಗೆ ಕೇಳಲು ನಾಚಿಕೆ. ನಾವು ಕೇಳಿದರೆ ಜನವೂ ಬಿಡುವುದಿಲ್ಲ. ‘ನಿನಗೇ ಗೊತ್ತಲ್ಲ, ಕೇಳೋದೇನು?’ ಅನ್ನುತ್ತಾರೆ. ನಮ್ಮ ಚಿಕ್ಕಮ್ಮನ ಹತ್ತಿರ ಸೂತಕದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ ‘ಇಷ್ಟು ಓದಿ ಇದೂ ಗೊತ್ತಿಲ್ಲವಾ’ ಅಂತ ಬೈಸಿಕೊಂಡಿದ್ದೇನೆ.

ಭಾಷೆಯೂ ಮೋಸ ಮಾಡುತ್ತದೆ. ಒಂದೇ ಕನ್ನಡ ಅಲ್ಲವೇ, ಅರ್ಥವಾಗಿಬಿಟ್ಟಿತು ಅಂದುಕೊಳ್ಳುತ್ತೇವೆ. ‘ನಿಮ್ಮ ಫ್ಯಾಮಿಲಿ ಎಲ್ಲಿದಾರೆ?’ ಅಂತ ಕೇಳಿ ನೋಡಿ. ಎಷ್ಟೋ ಕಡೆ ಅದರ ಅರ್ಥ ‘ಹೆಂಡತಿ ಎಲ್ಲಿ?’ ಅಂತ. ‘ಮನೆಗೆ ಎಷ್ಟು ಜನ?’ ಅಂದರೆ ಒಂದೇ ಸೂರಿನ ಕೆಳಗೆ ಮೂರು ಒಲೆ ಉರಿಯುತ್ತಿರುತ್ತವೆ. ಸೂರು ಲೆಕ್ಕವೋ, ಒಲೆ ಲೆಕ್ಕವೋ? ನೀವು ಸೂರು ಎಣಿಸಿದರೆ ಒಂದು ರೇಷನ್ ಕಾರ್ಡು, ಒಲೆ ಎಣಿಸಿದರೆ ಮೂರು. ಪದ ಒಂದೇ, ಅದರೊಳಗಿನ ಅಕ್ಕಿ ಬೇರೆ ಬೇರೆ.

ಕಾಡಿನೊಳಗಿಂದ ಬಂದ ಮಾತು

ಹಾಗಾದರೆ ಒಳಗಿನವರು ಮಾಡುವ ಅಧ್ಯಯನಕ್ಕೆ ಬೆಲೆಯೇ ಇಲ್ಲವೇ? ಇದೆ. ಅದಕ್ಕೆ ಸಾಕ್ಷಿ ನೋಡಲು ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗೋಣ.

ಅಲ್ಲಿಯ ಸೋಲಿಗರು ಕಾಡಿನ ಜನ. ಅವರ ಹಾಡಿಗೆ ಪೋಡು ಅನ್ನುತ್ತಾರೆ. ಒಂದೊಂದು ಕುಲಕ್ಕೆ ಕಾಡಿನಲ್ಲಿ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ಅವರ ದೇವರು, ಅವರ ಹಿರಿಯರ ಸಮಾಧಿ, ಅವರ ನೀರು. 1974ರಲ್ಲಿ ಆ ಕಾಡು ವನ್ಯಜೀವಿ ಧಾಮವಾಯಿತು. ಒಳಗಿದ್ದವರನ್ನು ಎಬ್ಬಿಸಿ ಅಂಚಿಗೆ ತಂದರು. ಬೇಸಾಯ ನಿಂತಿತು, ಬೇಟೆ ನಿಂತಿತು, ಬೆಂಕಿಯೂ ನಿಂತಿತು. ಬೆಂಕಿ ಅಂದರೆ ತರಗುಬೆಂಕಿ. ಬೇಸಿಗೆ ಕಾವೇರುವ ಮೊದಲೇ ಒಣಗಿದ ತರಗೆಲೆಗೆ ಸೋಲಿಗರು ಹಚ್ಚುತ್ತಿದ್ದ ಸಣ್ಣ ಬೆಂಕಿ. ಅರಣ್ಯ ಇಲಾಖೆಯ ಕಣ್ಣಿಗೆ ಬೆಂಕಿ ಅಂದರೆ ಅಪರಾಧ.

ಸೋಲಿಗರು ಹೇಳುತ್ತಲೇ ಬಂದರು: ತರಗುಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನು ನುಂಗಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಅನ್ನುವ ಬದನಿಕೆ ಹೆಚ್ಚಿ ಮರಗಳು ಸಾಯುತ್ತಿವೆ ಅಂತ. ಯಾರೂ ಕಿವಿಗೊಡಲಿಲ್ಲ. ಆಮೇಲೆ ಸಂಶೋಧಕರು ಅವರ ಜತೆ ಕೂತು ಈ ಮಾತನ್ನು ದಾಖಲು ಮಾಡಿದರು, ಕಾಡಿನಲ್ಲಿ ಅಳೆದು ನೋಡಿದರು. ಈಗ ಅದು ವಿಜ್ಞಾನದ ಪತ್ರಿಕೆಗಳಲ್ಲಿ ಚರ್ಚೆಯಾಗುವ ವಿಷಯ.

ಆ ಸಂಶೋಧಕರಲ್ಲಿ ಸೋಲಿಗರಲ್ಲೇ ಹುಟ್ಟಿದ ಸಿ. ಮಾದೇಗೌಡರೂ ಒಬ್ಬರು. ತಮ್ಮ ಜನರ ಕಾಡಿನ ಅರಿವಿನ ಬಗ್ಗೆ 2009ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದರು. ಬರೆದು ಸುಮ್ಮನಾಗಲಿಲ್ಲ. ಸೋಲಿಗರೂ ಸಂಶೋಧಕರೂ ಸೇರಿ ಕಾಡಿನೊಳಗಿನ ದೇವರ ತಾಣ, ಸಮಾಧಿ, ಹಳೆಯ ಪೋಡುಗಳ ನಕ್ಷೆ ಮಾಡಿದರು. 2006ರ ಅರಣ್ಯ ಹಕ್ಕು ಕಾಯಿದೆಯ ಕೆಳಗೆ ಹಕ್ಕು ಕೇಳುವಾಗ ಆ ಕೆಲಸ ನೆರವಿಗೆ ಬಂತು. 2011ರ ಆರಂಭದಲ್ಲಿ ಆ ಕಾಡನ್ನು ಹುಲಿ ರಕ್ಷಿತ ಪ್ರದೇಶ ಅಂತ ಸಾರಿದರು. ಇನ್ನೇನು ಮತ್ತೆ ಎತ್ತಂಗಡಿ ಅಂತ ಜನ ಹೆದರಿದ್ದರು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನಲ್ಲೇ ಇದೆ, ಸೋಲಿಗರ ಹಕ್ಕೂ ಕಾಗದದ ಮೇಲಿದೆ.

ಇದು ಸ್ವಂತ ಸಮಾಜದಲ್ಲಿ ಮಾಡುವ ಅನ್ವಯಿಕ ಮಾನವಶಾಸ್ತ್ರ. ನನ್ನ ಸಮೀಕ್ಷೆಗೂ ಇದಕ್ಕೂ ವ್ಯತ್ಯಾಸ ಏನು? ನಾನೂ ಒಳಗಿನವನೇ, ಅವರೂ ಒಳಗಿನವರೇ. ಅವರು ಬರೆದದ್ದು ಜನರ ಕೈಗೆ ವಾಪಸು ಹೋಯಿತು. ಜನ ಅದನ್ನು ಹಿಡಿದು ಕಚೇರಿಯ ಮೇಜಿನ ಮೇಲೆ ಇಟ್ಟರು. ನಾನು ಬರೆದದ್ದು ಕಚೇರಿಯ ಬೀರುವಿನಲ್ಲಿ ಉಳಿಯಿತು.

‘ನಮ್ಮವರು’ ಅಂದರೆ ಯಾರು?

ನೀವು ಬೆಂಗಳೂರಿನ ಹುಡುಗರು, ಹುಡುಗಿಯರು. ‘ನಮಗೆ ಹಳ್ಳಿಯೂ ಇಲ್ಲ, ಕಾಡೂ ಇಲ್ಲ’ ಅನ್ನಬಹುದು. ಹಿತ್ತಿಲ ಬಾಗಿಲು ತೆಗೆಯಿರಿ ಅಂದೆನಲ್ಲ, ಅದನ್ನೇ ಹೇಳುತ್ತೇನೆ.

ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದ ಕೈಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದವರ ಕೈಗಳು ಎಷ್ಟು! ನೀಲಿ ಟಾರ್ಪಾಲಿನ ಶೆಡ್ಡಿನಲ್ಲಿ ಅವರ ವಾಸ. ಆಡುವುದು ಕನ್ನಡ. ಆದರೆ ಅವರ ಕನ್ನಡ ಕೇಳಿ ನಕ್ಕವರು ನಮ್ಮಲ್ಲೇ ಇದ್ದಾರೆ. ಸಿನಿಮಾದಲ್ಲಿ ಅದನ್ನು ಹಾಸ್ಯಪಾತ್ರದ ಬಾಯಿಗೆ ತುರುಕಿದವರೂ ನಾವೇ. ಕನ್ನಡಕ್ಕಾಗಿ ಬೀದಿಗಿಳಿಯುವ ನಾವು ಒಂದು ಸಂಜೆ ಆ ಶೆಡ್ಡಿನ ಮುಂದೆ ಕೂತು, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ವರ್ಷದಲ್ಲಿ ಎಷ್ಟು ಸಲ ಶಾಲೆ ಬದಲಾಗುತ್ತದೆ ಅಂತ ಕೇಳಿದ್ದೇವೆಯೇ?

ಬೆಳಗ್ಗೆ ಐದೂವರೆಗೆ ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಅನೇಕರ ಮನೆಮಾತು ತೆಲುಗು. ತಲೆಮಾರುಗಳ ಹಿಂದೆ ಬಂದು ಈ ಊರಿನ ಕೊಳೆಯನ್ನೆಲ್ಲ ಹೊತ್ತವರು. ಅವರು ನಮ್ಮವರೋ, ಹೊರಗಿನವರೋ? ನಾನು ಉತ್ತರ ಹೇಳುವುದಿಲ್ಲ. ಹೋಗಿ ಒಂದು ವಾರ ಅವರ ಜತೆ ಮಾತಾಡಿ ಬಂದು ನೀವೇ ಹೇಳಿ. ಮಾತಾಡದೆ ಮಾತ್ರ ಹೇಳಬೇಡಿ. ಭಾಷೆ ಉಳಿಯುವುದು ಬೋರ್ಡಿನ ಮೇಲೆ ಮಾತ್ರ ಅಲ್ಲ, ಅದನ್ನು ಆಡುವವರ ಹೊಟ್ಟೆಪಾಡಿನಲ್ಲಿ. ಯಾರು ಯಾವ ಭಾಷೆಯನ್ನು ಯಾಕೆ ಬಿಡುತ್ತಾರೆ, ಯಾಕೆ ಹಿಡಿಯುತ್ತಾರೆ ಅನ್ನುವುದು ತಿಳಿಯದೆ ಭಾಷೆಯ ಚಳವಳಿ ಕಟ್ಟಲು ಆಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹೊರಗಿನಿಂದ ಬಂದವನು ಬರೆದು ವಿಮಾನ ಹತ್ತುತ್ತಾನೆ. ನೀವು ಅಲ್ಲೇ ಇರುತ್ತೀರಿ. ನೀವು ಬರೆದದ್ದರಿಂದ ನೆರೆಮನೆಯ ಹುಡುಗಿಯ ಮದುವೆ ನಿಲ್ಲಬಹುದು, ಯಾರೋ ಕೆಲಸ ಕಳೆದುಕೊಳ್ಳಬಹುದು. ಊರಿನ ಹೆಸರು ಬದಲಿಸಿದರೂ ಊರಿನವರಿಗೆ ಗೊತ್ತಾಗಿಯೇ ಆಗುತ್ತದೆ. ನಂಬಿ ಹೇಳಿದ ಮಾತಿನಲ್ಲಿ ಯಾವುದನ್ನು ಬರೆಯಬಾರದು ಅನ್ನುವುದನ್ನು ಕಲಿಯದವನು ಈ ಕೆಲಸಕ್ಕೆ ಇಳಿಯಬಾರದು.

ವರದಿ ಯಾರ ಭಾಷೆಯಲ್ಲಿ?

ಈಗ ಆಗಲೇ ಬಾಕಿ ಇಟ್ಟ ಜಗಳಕ್ಕೆ ಬರೋಣ.

ನಮ್ಮ ಬಗ್ಗೆ ಬರೆದ ವರದಿಗಳು ಎಷ್ಟೋ. ನೀರಿನದು, ಕಾಡಿನದು, ರಸ್ತೆಯದು, ಕಾರ್ಖಾನೆಯದು. ಮಾತು ಕೊಟ್ಟವರು ಕನ್ನಡದಲ್ಲಿ ಕೊಟ್ಟರು. ವರದಿ ಬಂದದ್ದು ಇಂಗ್ಲಿಷಿನಲ್ಲಿ. ತಪ್ಪು ಬರೆದರೆ ‘ಇದು ನಾನು ಹೇಳಿದ್ದಲ್ಲ’ ಅನ್ನುವ ಅವಕಾಶವೇ ಅವರಿಗಿಲ್ಲ. ಕನ್ನಡದಲ್ಲಿ ವರದಿ ಬೇಕು ಅನ್ನುವುದು ಬರೀ ಅಭಿಮಾನದ ಮಾತಲ್ಲ, ಗೆಳೆಯರೇ. ಅದು ಸತ್ಯದ ಪರೀಕ್ಷೆ. ಆ ಹುಣಸೆಹಣ್ಣಿನ ಹೆಂಗಸು ನನಗೆ ಕಲಿಸಿದ್ದು ಇದನ್ನೇ. ಓದಿ ಹೇಳಿದಾಗಲೇ ತಪ್ಪು ಸಿಕ್ಕಿದ್ದು.

ಕಾನೂನು ಈ ವಿಷಯದಲ್ಲಿ ನಮ್ಮ ಪರವಾಗಿ ಅಷ್ಟಿಷ್ಟು ಮಾತಾಡಿದೆ. 2013ರ ಭೂಸ್ವಾಧೀನ ಕಾಯಿದೆ ನೋಡಿ. ಭೂಮಿ ತೆಗೆದುಕೊಳ್ಳುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಅನ್ನುತ್ತದೆ. ಯಾರ ಬದುಕಿಗೆ ಏನಾಗುತ್ತದೆ ಅಂತ ಹೋಗಿ ತಿಳಿಯುವ ಕೆಲಸ. ಅಪ್ಪಟ ಅನ್ವಯಿಕ ಮಾನವಶಾಸ್ತ್ರ! ಆ ವರದಿಯನ್ನು ಸ್ಥಳೀಯ ಭಾಷೆಯಲ್ಲಿ ತಯಾರಿಸಿ ಪಂಚಾಯಿತಿಗೆ ಕೊಡಬೇಕು ಅಂತ ಅದರ 6ನೇ ಕಲಮು ಹೇಳುತ್ತದೆ. ಆದರೆ ಕೆಲವು ಬಗೆಯ ಯೋಜನೆಗಳನ್ನು ಈ ಅಧ್ಯಯನದಿಂದ ಬಿಡಿಸುವ ತಿದ್ದುಪಡಿಯನ್ನು ನಮ್ಮ ರಾಜ್ಯವೇ 2019ರಲ್ಲಿ ತಂದಿತು. ಇನ್ನು 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ವಿಚಾರಣೆಗೆ ಮುನ್ನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಸಾರಾಂಶ ಮಾತ್ರ! ನೂರಾರು ಪುಟದ ಒಳಗಿನ ಹೂರಣ ಇಂಗ್ಲಿಷಿನಲ್ಲಿ, ಕನ್ನಡದವನಿಗೆ ಕಣಕದ ಚೂರು. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಮೂ ಸರ್ಕಾರ ತಾನಾಗಿ ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಅನ್ನುತ್ತದೆ.

ಇವನ್ನು ಹಿಡಿದು ಕೇಳುವವರು ಬೇಕು. ಬ್ಯಾಂಕಿನ ಚಲನ್ ಕನ್ನಡದಲ್ಲಿ ಇಲ್ಲ ಅಂದರೆ ನಾವು ಗಲಾಟೆ ಮಾಡುತ್ತೇವೆ, ಮಾಡಲೇಬೇಕು. ಒಂದು ಊರಿನ ಹಣೆಬರಹ ಬರೆದ ವರದಿ ಕನ್ನಡದಲ್ಲಿ ಇಲ್ಲದಿದ್ದರೆ ಯಾಕೆ ಸುಮ್ಮನಿರುತ್ತೇವೆ?

ಇಷ್ಟು ಮಾಡಿ

ಹೋಗುವ ಮೊದಲು ನಿಮಗೆ ಒಂದು ಕೆಲಸ. ಇದಕ್ಕೆ ಡಿಗ್ರಿ ಬೇಡ, ಒಂದು ನೋಟ್‌ಬುಕ್ಕು ಸಾಕು.

ನಿಮ್ಮ ಮನೆಯಿಂದ ನೂರು ಗಜದೊಳಗೆ ನಿಮಗೆ ಗೊತ್ತಿಲ್ಲದ ಒಂದು ಜಾಗ ಹುಡುಕಿ. ಗಾರ್ಮೆಂಟ್ಸ್ ಹುಡುಗಿಯರ ವಠಾರ, ಗ್ಯಾರೇಜು, ಶೆಡ್ಡು, ಯಾವುದಾದರೂ ಸರಿ. ಮೊದಲು ನಿಮ್ಮ ಬಗ್ಗೆ ಬರೆದುಕೊಳ್ಳಿ: ‘ಇವರ ಕಣ್ಣಿಗೆ ನಾನು ಯಾರ ಮನೆ ಹುಡುಗ? ಯಾರ ಮನೆ ಹುಡುಗಿ?’ ಒಂದೇ ಸಲ ಹೋಗಬೇಡಿ. ಬೆಳಗ್ಗೆ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ, ರಜೆಯ ದಿನ ಒಮ್ಮೆ ಹೋಗಿ. ಎಲ್ಲರಿಗಿಂತ ಕೊನೆಯಲ್ಲಿ ಇರುವವರ ಹತ್ತಿರ ಎಲ್ಲರಿಗಿಂತ ಮೊದಲು ಹೋಗಿ. ‘ಸಿಗ್ತದಾ’ ಅಂತ ಕೇಳಿ ನಿಲ್ಲಿಸಬೇಡಿ. ಯಾವಾಗ, ಯಾರಾದ ಮೇಲೆ, ಯಾರನ್ನು ಕೇಳಿ ಅನ್ನುವುದನ್ನೂ ಕೇಳಿ. ಅವರು ಆಡಿದ ಮಾತನ್ನು ಅವರು ಆಡಿದ ಹಾಗೆಯೇ ಬರೆಯಿರಿ. ‘ತೊಂಬೆ’ಯನ್ನು ‘ಕಿರು ಜಲಾಗಾರ’ ಮಾಡಬೇಡಿ. ಆಮೇಲೆ ಕೂತು ಬರೆದದ್ದನ್ನು ಅವರಿಗೆ ಓದಿ ಹೇಳಿ. ಅವರು ‘ಹಂಗಲ್ಲ’ ಅಂದ ಕಡೆ ತಿದ್ದಿ. ಒಂದು ಪ್ರತಿ ಅವರ ಹತ್ತಿರ ಬಿಟ್ಟು ಬನ್ನಿ.

ನಾನು ಆ ಊರಿಗೆ ಎರಡು ವರ್ಷ ಬಿಟ್ಟು ಮತ್ತೆ ಹೋದೆ. ಮಾವನ ಮನೆಗೆ ಹೋಗುವ ಮೊದಲು ನೇರ ಕೇರಿಗೆ ಹೋದೆ. ವರದಿಯ ಆ ಎರಡು ಪುಟಗಳನ್ನು ಕನ್ನಡಕ್ಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಆಕೆ ಕೇಳಿಸಿಕೊಂಡಳು. ‘ಇದರಲ್ಲಿ ನಾನು ಹೇಳಿದ್ದು ಎಲ್ಲಿದೆ?’ ಅಂದಳು. ‘ಇಲ್ಲ’ ಅಂದೆ. ‘ಮತ್ತೆ ಯಾಕೆ ತಂದೆ?’ ಅಂದಳು.

ಆ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಮನೆ ಜಗಲಿಯ ಮೇಲೆ ಕೂತು, ಅವಳು ಹೇಳಿದ್ದನ್ನು ಹೇಳಿದ ಹಾಗೆ ಮತ್ತೆ ಬರೆದುಕೊಂಡೆ. ಪೂರ್ತಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು. ಕೇರಿಯ ಹನ್ನೊಂದು ಜನ ಅದಕ್ಕೆ ಹೆಬ್ಬೆಟ್ಟು ಒತ್ತಿದರು, ಪಂಚಾಯಿತಿಗೆ ಕೊಟ್ಟೆವು. ಅದಾದ ಮೇಲೆ ಮೂರು ಸಲ ಓಡಾಡಬೇಕಾಯಿತು. ಕೊನೆಗೆ ಕೇರಿಯಲ್ಲೇ ಒಂದು ನಲ್ಲಿ ಬಂತು. ಜಾತಿ ಹೋಯಿತೇ? ಹೋಗಲಿಲ್ಲ. ಮಾವನ ಮನೆಯಲ್ಲಿ ನನ್ನ ಜತೆ ಮಾತು ಕಡಿಮೆಯಾಯಿತು. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಮುಂದಿನ ಶಿಬಿರಕ್ಕೆ ಬರುವಾಗ ನಿಮ್ಮ ನೋಟ್‌ಬುಕ್ಕು ತನ್ನಿ. ಯಾರ ಮಾತು ಬರೆದಿರೋ ಅವರನ್ನೂ ಕರೆದುಕೊಂಡು ಬನ್ನಿ. ನಾವೆಲ್ಲ ಕೂತು ಕೇಳೋಣ.